ಸಿಇಎ ಏರಿತೆಂದರೆ ಕೀಮೋ ಸೋತಿತೆಂದೇ?

(ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಅವರ ಮನೆಯವರು ಹಾಗೂ ನರ್ಸಿಂಗ್ ಮತ್ತು ಲ್ಯಾಬ್ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಕರುಳಿನ ಕ್ಯಾನ್ಸರ್ ಲಿವರಿಗೋ ಶ್ವಾಸಕೋಶಕ್ಕೋ ಹರಡಿ ಕೀಮೋ ನಡೆಯುತ್ತಿರುವ ಮನೆಯಲ್ಲಿ ರಕ್ತ ಪರೀಕ್ಷೆಯ ಒಂದು ಸಂಖ್ಯೆ ಎಲ್ಲರ ಬಾಯಲ್ಲೂ ಇರುತ್ತದೆ: ಸಿಇಎ. ಈಗಂತೂ ಲ್ಯಾಬ್ ವರದಿ ಡಾಕ್ಟರ ಮೇಜಿಗೆ ಹೋಗುವ ಮೊದಲೇ ಮಗನ ಮೊಬೈಲಿಗೆ ಬಂದು ಬೀಳುತ್ತದೆ. ಕಳೆದ ಸಲ 84 ಇದ್ದದ್ದು ಈ ಸಲ 118 ಎಂದು ದಪ್ಪಕ್ಷರದಲ್ಲಿ ಕಂಡರೆ ಅವತ್ತು ಆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮದ್ದು ನಾಟುತ್ತಿಲ್ಲ, ಬೇರೆ ಕೀಮೋಗೆ ಹೋಗೋಣ, ಬೇರೆ ಆಸ್ಪತ್ರೆಗೆ ತೋರಿಸೋಣ ಎಂಬ ಮಾತು ಶುರುವಾಗುತ್ತದೆ. ಆ 118ನ್ನು ಹೇಗೆ ಓದಬೇಕು ಎಂಬುದೇ ಇವತ್ತಿನ ವಿಷಯ. ಓದಲು ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಈ ರೋಗಕ್ಕೆ ಕೆಲಸ ಮಾಡುವ ಔಷಧಗಳ ಪಟ್ಟಿ ಉದ್ದವಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿರುವ ಒಂದನ್ನು ಹೆದರಿ ಕೈಬಿಟ್ಟರೆ ಅದರಿಂದ ಸಿಗಬೇಕಾಗಿದ್ದ ತಿಂಗಳುಗಳು ಹೋಗುತ್ತವೆ.

ಸಿಇಎ ಎಂದರೆ ಕಾರ್ಸಿನೋ ಎಂಬ್ರಿಯಾನಿಕ್ ಆಂಟಿಜೆನ್, ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುವ ಒಂದು ಪ್ರೋಟೀನು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಕರುಳಿನ ಕ್ಯಾನ್ಸರಿನಲ್ಲೂ ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲೂ ಗುರುತಿಸಿದರು. ಆರೋಗ್ಯವಂತರ ಕರುಳಿನ ಒಳಪದರದಲ್ಲೂ ಇದು ಸ್ವಲ್ಪ ಇರುತ್ತದೆ. ಆದರೆ ಅಲ್ಲಿ ಜೀವಕೋಶದ ಮೇಲಂಚಿನಲ್ಲಿ, ಕರುಳಿನ ಪೊಳ್ಳಿನ ಕಡೆಗೆ ಮುಖ ಮಾಡಿ ಕೂತಿರುತ್ತದೆ. ಉದುರಿದ್ದು ಮಲದೊಂದಿಗೆ ಹೊರಗೆ ಹೋಗುತ್ತದೆ. ಕ್ಯಾನ್ಸರ್ ಜೀವಕೋಶಕ್ಕೆ ಮೇಲು ಕೆಳಗು ಎಂಬ ಲೆಕ್ಕ ತಪ್ಪಿರುತ್ತದೆ. ಸಿಇಎ ಅದರ ಎಲ್ಲ ಮಗ್ಗುಲಿಗೂ ಬಂದು, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ರಕ್ತಕ್ಕೆ ಸೇರಿದ್ದನ್ನು ಹಿಡಿದು ಒಡೆದು ಹಾಕುವ ಕೆಲಸ ಲಿವರಿನದು. ಲಿವರ್ ಸರಿಯಾಗಿದ್ದರೆ ರಕ್ತದಲ್ಲಿರುವ ಸಿಇಎ ಅರ್ಧಕ್ಕಿಳಿಯಲು ಸುಮಾರು 3ರಿಂದ 7 ದಿನ ಬೇಕು.

ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ. ನಲ್ಲಿಯಿಂದ ನೀರು ಬೀಳುತ್ತಾ ಕೆಳಗಿನ ತೂಬಿನಿಂದ ಹರಿದುಹೋಗುತ್ತಿರುವ ತೊಟ್ಟಿಯೊಂದನ್ನು ನೆನೆಯಿರಿ. ವರದಿಯಲ್ಲಿರುವ ಸಂಖ್ಯೆ ಆ ಹೊತ್ತಿನ ನೀರಿನ ಮಟ್ಟ. ಮಟ್ಟ ಏರಲು ನಾಲ್ಕು ಕಾರಣ ಇರಬಹುದು. ಗಡ್ಡೆ ನಿಜವಾಗಿ ಬೆಳೆದಿರಬಹುದು. ಗಡ್ಡೆ ಬೆಳೆಯದೆ, ಮದ್ದಿನ ಹೊಡೆತಕ್ಕೆ ಜೀವಕೋಶಗಳು ಒಡೆದು ಒಳಗಿದ್ದದ್ದು ಒಮ್ಮೆಲೇ ಹೊರಬಂದಿರಬಹುದು. ಲಿವರಿನ ತೂಬು ಕಟ್ಟಿರಬಹುದು. ಕೊನೆಯದಾಗಿ, ಅಳೆಯುವ ಯಂತ್ರದಲ್ಲೇ ವ್ಯತ್ಯಾಸ ಬಂದಿರಬಹುದು. ಸಂಖ್ಯೆ ಏರಿದಾಗ ಈ ನಾಲ್ಕರಲ್ಲಿ ಯಾವುದು ಎಂದು ಕೇಳಬೇಕು. ಮೊದಲನೆಯದು ಒಂದೇ ಎಂದು ಹಿಡಿದುಕೊಂಡರೆ ದಾರಿ ತಪ್ಪುತ್ತೇವೆ.

ಶುರುವಿನ ಸಂಖ್ಯೆ ಇಲ್ಲದೆ ಏನೂ ಹೇಳಲಾಗದು

ಕೀಮೋ ಆರಂಭಿಸುವ ಮೊದಲು ಒಂದು ಸಿಇಎ ಇರಲೇಬೇಕು. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ಮೂರು ತಿಂಗಳ ಹಿಂದೆ ಆಪರೇಷನ್ ಆದಾಗ ಮಾಡಿಸಿದ್ದು ಸಾಲದು. ಮೊದಲ ಡೋಸಿನ ಹಿಂದುಮುಂದಿನ ದಿನಗಳದ್ದೇ ಬೇಕು. ಸಾಮಾನ್ಯ ಮಿತಿ ಬೀಡಿ ಸಿಗರೇಟು ಸೇದದವರಿಗೆ ಮಿಲಿಲೀಟರಿಗೆ ಸುಮಾರು 3 ನ್ಯಾನೋಗ್ರಾಂ, ಸೇದುವವರಿಗೆ 5. ಲ್ಯಾಬಿನಿಂದ ಲ್ಯಾಬಿಗೆ ಇದು ಸ್ವಲ್ಪ ಬದಲಾಗುತ್ತದೆ. ಹೆಚ್ಚು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ 10ರ ಆಸುಪಾಸಿಗೆ ಹೋಗುವುದುಂಟು.

ಹರಡಿದ ಕರುಳಿನ ಕ್ಯಾನ್ಸರ್ ಇರುವವರಲ್ಲಿ ಬಹುಪಾಲು ಜನರಿಗೆ ಸಿಇಎ ಏರಿರುತ್ತದೆ, ಎಲ್ಲರಿಗೂ ಅಲ್ಲ. ಲಿವರಿಗೆ ಹರಡಿದಾಗ ಸಂಖ್ಯೆ ನೂರು, ಸಾವಿರ ದಾಟಬಹುದು. ಹೊಟ್ಟೆಯೊಳಗಿನ ಪೆರಿಟೋನಿಯಂ ಪೊರೆಗೆ ಮಾತ್ರ ಹರಡಿದ್ದರೆ, ಬಯಾಪ್ಸಿಯಲ್ಲಿ ‘ಪೂರ್ಲಿ ಡಿಫರೆನ್ಶಿಯೇಟೆಡ್’ (ಜೀವಕೋಶಗಳು ಮೂಲ ರೂಪ ಕಳೆದುಕೊಂಡಿವೆ) ಎಂದು ಬರೆದಿದ್ದರೆ ಸಂಖ್ಯೆ ತೀರಾ ಕಡಿಮೆಯೇ ಉಳಿಯಬಹುದು. ಅಂಥವರ ಸಿಇಎ 2.4 ಇದೆ ಎಂದು ಸಂತೋಷ ಪಡುವಂತಿಲ್ಲ, ಮುಂದೆ 2.1 ಆದರೆ ಮದ್ದು ನಾಟಿತು ಎನ್ನುವಂತೆಯೂ ಇಲ್ಲ. ಅವರ ಗಡ್ಡೆ ಈ ವಸ್ತುವನ್ನು ರಕ್ತಕ್ಕೆ ಬಿಡುತ್ತಲೇ ಇಲ್ಲ. ಅವರಿಗೆ ಸ್ಕ್ಯಾನೇ ಗತಿ. ಆದರೂ ಆಗೊಮ್ಮೆ ಈಗೊಮ್ಮೆ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಮೊದಲು ಬಿಡದ ಗಡ್ಡೆ ಮುಂದೆ ಬಿಡಲು ಶುರು ಮಾಡಬಹುದು.

ಎಷ್ಟು ದಿನಕ್ಕೊಮ್ಮೆ? ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ 2006ರಲ್ಲಿ ಹೊರತಂದ ಮಾರ್ಗಸೂಚಿ ಚಿಕಿತ್ಸೆ ನಡೆಯುತ್ತಿರುವಾಗ 1ರಿಂದ 3 ತಿಂಗಳಿಗೊಮ್ಮೆ ಎನ್ನುತ್ತದೆ. ಫಾಲ್ಫಾಕ್ಸ್ ಅಥವಾ ಫಾಲ್ಫಿರಿ ಎಂಬ ಕೀಮೋ 14 ದಿನಕ್ಕೊಮ್ಮೆ ಬರುತ್ತದೆ; ಆ ಒಂದು ಸುತ್ತಿಗೆ ಸೈಕಲ್ ಎನ್ನುತ್ತಾರೆ. ಅಲ್ಲಿ ಎರಡು ಸೈಕಲ್‌ಗೊಮ್ಮೆ ಮಾಡಿಸಿದರೆ ಧಾರಾಳವಾಯಿತು. ಕೇಪಾಕ್ಸ್ ಎಂಬ ಕೀಮೋ 21 ದಿನದ್ದು; ಅಲ್ಲೂ ಎರಡಕ್ಕೊಮ್ಮೆ ಸಾಕು. ವಾರವಾರ ಮಾಡಿಸುವುದರಿಂದ ದುಡ್ಡು ಹೋಗುತ್ತದೆ, ಆತಂಕ ಬರುತ್ತದೆ. ರಕ್ತವನ್ನು ಪ್ರತಿ ಸಲವೂ ಒಂದೇ ಹಂತದಲ್ಲಿ, ಅಂದರೆ ಮುಂದಿನ ಡೋಸ್ ಕೊಡುವ ಮುನ್ನ, ಬ್ಲಡ್ ಕೌಂಟ್ ಮತ್ತು ಲಿವರ್ ಪರೀಕ್ಷೆಗೆ ತೆಗೆಯುವಾಗಲೇ ತೆಗೆಸಿ. ಖಾಲಿ ಹೊಟ್ಟೆ ಬೇಕಿಲ್ಲ.

ಎಷ್ಟು ಏರಿದರೆ ಏರಿದಂತೆ?

ಆರೋಗ್ಯದಲ್ಲಿ ಏನೂ ಬದಲಾಗದಿದ್ದರೂ ಒಬ್ಬರದೇ ಸಿಇಎ ವಾರದಿಂದ ವಾರಕ್ಕೆ ಸ್ವಲ್ಪ ಅತ್ತಿತ್ತ ಆಗುತ್ತದೆ. ಯಂತ್ರದ ಅಳತೆಯೂ ಪ್ರತಿ ಸಲ ಕೂದಲೆಳೆಯಷ್ಟೂ ತಪ್ಪದೆ ಬರುವುದಿಲ್ಲ. ಇವೆರಡನ್ನೂ ಸೇರಿಸಿ ನೋಡಿದರೆ 40 ಇದ್ದದ್ದು 44 ಆಯಿತು ಎಂಬುದಕ್ಕೆ ಅರ್ಥವೇ ಇಲ್ಲ. 44 ಇದ್ದದ್ದು 40 ಆದದ್ದಕ್ಕೂ ಇಲ್ಲ. ಯುರೋಪಿನ ಟ್ಯೂಮರ್ ಮಾರ್ಕರ್ (ಸಿಇಎಯಂತೆ ಕ್ಯಾನ್ಸರಿನ ಸುಳಿವು ಕೊಡುವ ವಸ್ತು) ತಜ್ಞರ ಗುಂಪು ಒಂದು ಉಪಯುಕ್ತ ಅಳತೆಗೋಲು ಕೊಟ್ಟಿದೆ: ಹಿಂದಿನದಕ್ಕಿಂತ ನೂರಕ್ಕೆ 30ರಷ್ಟಾದರೂ ಏರಿರಬೇಕು, ಸುಮಾರು ಒಂದು ತಿಂಗಳ ಒಳಗೆ ಇನ್ನೊಂದು ಸ್ಯಾಂಪಲ್‌ನಲ್ಲಿ ಅದು ಖಚಿತವಾಗಬೇಕು. ಸಣ್ಣ ಏರಿಕೆಯಾದರೂ, ಅಂದರೆ 15–20ರಷ್ಟೇ ಆದರೂ, ಸತತ ಮೂರು ಸ್ಯಾಂಪಲ್‌ಗಳಲ್ಲಿ ನಿಂತರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಈ ಎರಡನೇ ಮಾತು ಮುಖ್ಯ, ಏಕೆಂದರೆ ಕಣ್ಣು ತಪ್ಪುವುದು ಅಲ್ಲೇ. ತಿಳಿಸಲಿಕ್ಕಾಗಿ ಕಟ್ಟಿದ ಒಂದು ಉದಾಹರಣೆ ನೋಡಿ. ಚಿಕಿತ್ಸೆಯಿಂದ ಸಿಇಎ 6.0ಕ್ಕೆ ಇಳಿದಿತ್ತು. ನಂತರ 7.1, ಅದಾದ ಮೇಲೆ 8.6, ಮತ್ತೆ 10.4. ಪ್ರತಿ ಹೆಜ್ಜೆಯೂ ಸುಮಾರು 20 ಶೇಕಡಾ ಅಷ್ಟೇ, 30 ದಾಟಲಿಲ್ಲ. ‘ಹೆಚ್ಚೇನೂ ಬದಲಾವಣೆಯಿಲ್ಲ’ ಎಂದು ಪ್ರತಿ ಸಲವೂ ಮುಂದೆ ಸಾಗಬಹುದು. ಆದರೆ 6.0ರಿಂದ 10.4 ಎಂದರೆ 73 ಶೇಕಡಾ ಏರಿಕೆ. ಅದಕ್ಕೇ ಹೊಸ ಸಂಖ್ಯೆಯನ್ನು ಹಿಂದಿನದಕ್ಕೆ ಮಾತ್ರ ಹೋಲಿಸದೆ, ಚಿಕಿತ್ಸೆಯಲ್ಲಿ ಮುಟ್ಟಿದ ಅತಿ ಕಡಿಮೆ ಮಟ್ಟಕ್ಕೂ ಹೋಲಿಸಬೇಕು. ಲೆಕ್ಕ ಸರಳ: ಹೊಸದರಲ್ಲಿ ಹಳೆಯದನ್ನು ಕಳೆಯಿರಿ, ಹಳೆಯದರಿಂದ ಭಾಗಿಸಿ, 100ರಿಂದ ಗುಣಿಸಿ.

ತೀರಾ ಸಣ್ಣ ಸಂಖ್ಯೆಗಳಲ್ಲಿ ಮಾತ್ರ ಈ ಲೆಕ್ಕವನ್ನು ನಂಬಬೇಡಿ. 2.1 ಇದ್ದದ್ದು 3.0 ಆದರೆ ಲೆಕ್ಕದಲ್ಲಿ 43 ಶೇಕಡಾ. ಒಂದು ಕೆಮ್ಮು ಜ್ವರ ಸಾಕು ಅಷ್ಟಾಗಲು.

ಮನೆಯಲ್ಲಿ ಗ್ರಾಫ್ ಬರೆಯುವವರಿಗೆ ಒಂದು ಸಲಹೆ. ಚೌಕುಳಿ ಹಾಳೆಯಲ್ಲಿ ಎಡಗಡೆಗೆ 5, 10, 20, 40, 80, 160 ಎಂದು ಸಮಾನ ಅಂತರದಲ್ಲಿ ಗುರುತು ಹಾಕಿ, ಅಂದರೆ ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು. ಕೆಳಗೆ ತಾರೀಖು. ಹೀಗೆ ಬರೆದರೆ 5ರಿಂದ 10ಕ್ಕೆ ಹೋದ ಏರಿಕೆಯೂ 80ರಿಂದ 160ಕ್ಕೆ ಹೋದ ಏರಿಕೆಯೂ ಒಂದೇ ಓರೆಯಲ್ಲಿ ಕಾಣುತ್ತವೆ, ಮತ್ತು ಅವೆರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ಮಾಮೂಲಿ ಗ್ರಾಫ್‌ನಲ್ಲಿ ಮೊದಲನೆಯದು ಕಾಣುವುದೇ ಇಲ್ಲ, ಎರಡನೆಯದು ಬೆಟ್ಟದಂತೆ ಕಾಣುತ್ತದೆ. ಗ್ರಾಫ್‌ನ ಪಕ್ಕಕ್ಕೆ ಇನ್ನಷ್ಟು ಕಾಲಂ ಬೇಕು: ಸ್ಯಾಂಪಲ್ ತೆಗೆದ ತಾರೀಖು (ವರದಿ ಬಂದದ್ದಲ್ಲ), ಎಷ್ಟನೇ ಸೈಕಲ್, ಯಾವ ಲ್ಯಾಬ್, ಯಾವ ವಿಧಾನ, ಲಿವರ್ ಪರೀಕ್ಷೆಯ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಎಸ್‌ಜಿಪಿಟಿ, ಆ ವಾರ ಜ್ವರ ಕಾಮಾಲೆ ಏನಾದರೂ ಇತ್ತೇ, ಹೊಸ ಮಾತ್ರೆ ಏನಾದರೂ ಶುರುವಾಗಿತ್ತೇ. ಈ ಒಂದು ಹಾಳೆ ಕೈಯಲ್ಲಿದ್ದರೆ ಒಪಿಡಿಯ ಹತ್ತು ನಿಮಿಷದಲ್ಲಿ ಡಾಕ್ಟರಿಗೆ ಆಗುವ ಸಹಾಯ ದೊಡ್ಡದು. ದಪ್ಪ ಫೈಲ್ ತಿರುವಿಹಾಕುವುದರಲ್ಲೇ ಆ ಹೊತ್ತು ಹೋಗಬಾರದು.

ಮದ್ದು ನಾಟಿದಾಗಲೇ ಏರುವ ಸಂಖ್ಯೆ

ಈಗ ಮೊದಲು ಹೇಳಿದ 84 ಮತ್ತು 118ಕ್ಕೆ ಬರೋಣ. ಇವೂ ಉದಾಹರಣೆಗೆ ಇಟ್ಟುಕೊಂಡ ಅಂಕಿಗಳೇ. ಕೀಮೋ ಮೊದಲು 84. ಎರಡು ಡೋಸ್ ಫಾಲ್ಫಾಕ್ಸ್ ಆದ ಮೇಲೆ, ನಾಲ್ಕನೇ ವಾರದಲ್ಲಿ 118. ಏರಿಕೆ 40 ಶೇಕಡಾ, 30ರ ಗೆರೆ ದಾಟಿದೆ. ಆದರೂ ಇಲ್ಲಿ ಕಾಯಬೇಕು. ಆಸ್ಕೋ ಮಾರ್ಗಸೂಚಿಯೇ ಎಚ್ಚರಿಸುತ್ತದೆ: ಹೊಸ ಚಿಕಿತ್ಸೆಯ ಮೊದಲ 4ರಿಂದ 6 ವಾರಗಳಲ್ಲಿ, ಅದರಲ್ಲೂ ಫಾಲ್ಫಾಕ್ಸ್‌ನಲ್ಲಿರುವ ಆಕ್ಸಾಲಿಪ್ಲಾಟಿನ್ ಎಂಬ ಮದ್ದು ಕೊಟ್ಟಾಗ, ಸುಳ್ಳು ಏರಿಕೆ ಕಾಣಬಹುದು. ಇದನ್ನು ಫ್ಲೇರ್ ಅಥವಾ ಸರ್ಜ್ ಎನ್ನುತ್ತಾರೆ. ಬೇರೆ ಬೇರೆ ವರದಿಗಳಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಯಲ್ಲಿ ಇದು ಕಂಡಿದೆ. ಫಾಲ್ಫಿರಿ ಪಡೆದವರಲ್ಲೂ ಕಂಡಿದೆ. ಸಾಯುತ್ತಿರುವ ಕ್ಯಾನ್ಸರ್ ಜೀವಕೋಶಗಳಿಂದ ಸಿಇಎ ಒಮ್ಮೆಲೇ ರಕ್ತಕ್ಕೆ ಬರುವುದು ಇದಕ್ಕೆ ಹೇಳುವ ಮುಖ್ಯ ಕಾರಣ.

ಮುಂದೆ ಎರಡು ದಾರಿಗಳಿವೆ. ಒಂದು ದಾರಿಯಲ್ಲಿ ಎಂಟನೇ ವಾರ 91, ಹನ್ನೆರಡನೇ ವಾರ 38. ಶುರುವಿನದಕ್ಕಿಂತ ಅರ್ಧಕ್ಕಿಂತ ಕೆಳಗೆ. ಇದು ಫ್ಲೇರ್. ಹೀಗೆ ಫ್ಲೇರ್ ಆದವರಲ್ಲಿ ಬಹಳಷ್ಟು ಮಂದಿಗೆ ಸ್ಕ್ಯಾನ್‌ನಲ್ಲಿ ಗಡ್ಡೆ ಕರಗಿರುವುದೋ ನಿಂತಿರುವುದೋ ಕಂಡಿದೆ. ಇನ್ನೊಂದು ದಾರಿಯಲ್ಲಿ 84ರ ನಂತರ 92, ಆಮೇಲೆ 117, ಆಮೇಲೆ 160. ಇಲ್ಲಿ ಮೊದಲ ಹೆಜ್ಜೆ ಚಿಕ್ಕದು, ಗಾಬರಿ ಹುಟ್ಟಿಸುವಂಥದ್ದಲ್ಲ. ಆದರೆ ಬಗ್ಗದೆ ಏರುತ್ತಲೇ ಇದೆ, ಏರುವ ವೇಗವೂ ಹೆಚ್ಚುತ್ತಿದೆ. ನಾಲ್ಕನೇ ವಾರದಲ್ಲಿ ನಿಂತು ನೋಡಿದರೆ ಮೊದಲನೆಯವರದೇ ಕೆಟ್ಟದಾಗಿ ಕಾಣುತ್ತದೆ. ಹನ್ನೆರಡನೇ ವಾರದಲ್ಲಿ ಚಿತ್ರ ತಿರುಗಿಬಿಟ್ಟಿರುತ್ತದೆ.

ಹಾಗಾದರೆ ಕಣ್ಣು ಮುಚ್ಚಿ ಹನ್ನೆರಡು ವಾರ ಕಾಯಬೇಕೇ? ಬೇಡ. ಮೊದಲ ಏರಿಕೆ ಕಂಡಾಗ ರೋಗಿಯನ್ನು ನೋಡಿ. ಊಟ ಸೇರುತ್ತಿದೆಯೇ, ತೂಕ ನಿಂತಿದೆಯೇ, ಬಲ ಪಕ್ಕೆಯ ನೋವು ಕಡಿಮೆಯಾಗಿದೆಯೇ? ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್, ಎಲ್‌ಡಿಎಚ್ ಎಂಬ ಕಿಣ್ವಗಳು ಇಳಿಯುತ್ತಿವೆಯೇ? ಇವೆಲ್ಲ ಒಳ್ಳೆಯ ದಿಕ್ಕಿನಲ್ಲಿದ್ದು ಸಿಇಎ ಒಂದೇ ಏರಿದ್ದರೆ ಮುಂದಿನ ಸ್ಯಾಂಪಲ್‌ವರೆಗೆ ಅದೇ ಕೀಮೋ ಮುಂದುವರಿಯಲಿ; ಮೊದಲ ಸಿಟಿ ಸ್ಕ್ಯಾನ್ ಹೇಗೂ 8ರಿಂದ 12 ವಾರದೊಳಗೆ ಬರುತ್ತದೆ. ನೋವು ಹೆಚ್ಚುತ್ತಿದೆ, ಹಸಿವು ಹೋಗಿದೆ, ಲಿವರ್ ಪರೀಕ್ಷೆಗಳೂ ಕೆಡುತ್ತಿವೆ ಎಂದಾದರೆ ಸಿಟಿಯನ್ನು ಮುಂಚೆಯೇ ಮಾಡಿಸಬೇಕು. ಫ್ಲೇರ್ ಕೆಲವರಲ್ಲಿ ಮೂರ್ನಾಲ್ಕು ತಿಂಗಳು ಎಳೆಯುವುದೂ ಉಂಟು. ಆದರೆ ಚಿಕಿತ್ಸೆ ಆರು ತಿಂಗಳು ಚೆನ್ನಾಗಿ ನಡೆದು, ಸಿಇಎ ತಳ ಮುಟ್ಟಿ, ಅಲ್ಲಿಂದ ಮೇಲೇಳಲು ಶುರುವಾದದ್ದನ್ನು ಫ್ಲೇರ್ ಎಂದು ಕರೆದು ಸಮಾಧಾನ ಮಾಡಿಕೊಳ್ಳಬಾರದು. ಫ್ಲೇರ್ ಬರುವುದು ಹೊಸ ಮದ್ದಿನ ಆರಂಭದಲ್ಲಿ.

ತೂಬು ಕಟ್ಟಿದಾಗ

ಲಿವರಿನೊಳಗಿನ ಗಡ್ಡೆ ಪಿತ್ತನಾಳವನ್ನು ಒತ್ತಿದರೆ, ಅಥವಾ ಅದನ್ನು ತೆರೆದಿಡಲು ಹಿಂದೆ ಹಾಕಿದ್ದ ಸ್ಟೆಂಟ್ ಕೊಳವೆ ಕಟ್ಟಿಕೊಂಡರೆ, ಬಿಲಿರುಬಿನ್ ಏರುತ್ತದೆ, ಮೈ ತುರಿಸುತ್ತದೆ, ಮೂತ್ರ ಕಡು ಹಳದಿಯಾಗುತ್ತದೆ. ಆಗ ಸಿಇಎ ಹೊರಹೋಗುವುದು ನಿಧಾನವಾಗಿ ಸಂಖ್ಯೆ ಏರುತ್ತದೆ. ಸ್ಟೆಂಟ್ ಬದಲಿಸಿ ಬಿಲಿರುಬಿನ್ ಇಳಿದ ಮೇಲೆ ಎರಡು ಮೂರು ವಾರ ಬಿಟ್ಟು ಮಾಡಿಸಿದ ಸಿಇಎಯೇ ಲೆಕ್ಕಕ್ಕೆ. ಕಾಮಾಲೆ ಇರುವಾಗ ಬಂದ ಸಂಖ್ಯೆಯನ್ನು ಗ್ರಾಫ್‌ನಲ್ಲಿ ಹಾಕಿ, ಆದರೆ ಸುತ್ತ ಒಂದು ವೃತ್ತ ಬರೆದು ‘ಕಾಮಾಲೆ’ ಎಂದು ಗುರುತು ಮಾಡಿ.

ಆಕ್ಸಾಲಿಪ್ಲಾಟಿನ್ ಇನ್ನೊಂದು ಬಗೆಯಲ್ಲಿ ಲಿವರಿಗೆ ತೊಂದರೆ ಕೊಡುತ್ತದೆ. ಲಿವರಿನೊಳಗಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯನ್ನು ಅದು ಹಾಳು ಮಾಡುತ್ತದೆ. ಹಲವು ಸೈಕಲ್ ಆದವರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಾ ಗುಲ್ಮ ದೊಡ್ಡದಾಗುತ್ತಾ ಬಂದರೆ ಇದನ್ನು ಅನುಮಾನಿಸಬೇಕು. ಇಂಥವರಲ್ಲಿ ಸಿಇಎ ಸ್ವಲ್ಪ ಏರಿ, ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುವುದುಂಟು. ಸಿಇಎ ಜೊತೆಗೆ ಲಿವರ್ ಪರೀಕ್ಷೆ ಮಾಡಿಸದಿದ್ದರೆ ಇದಾವುದೂ ತಿಳಿಯುವುದಿಲ್ಲ. ಖರ್ಚು ಉಳಿಸಬೇಕಾದರೆ ಸಿಇಎಯನ್ನು ಒಂದು ಸಲ ಬಿಟ್ಟರೂ ಬಿಡಿ, ಲಿವರ್ ಪರೀಕ್ಷೆ ಬಿಡಬೇಡಿ.

ಲಿವರ್ ಹೊರತಾಗಿ ಇತರ ಕಾರಣಗಳೂ ಇವೆ: ನ್ಯುಮೋನಿಯಾ, ಮೇದೋಜೀರಕ ಗ್ರಂಥಿಯ ಉರಿಯೂತ, ಕರುಳಿನ ಉರಿಯೂತ, ಕಿಡ್ನಿ ವೈಫಲ್ಯ, ಬೀಡಿ ಸಿಗರೇಟು. ಇವುಗಳಿಂದ ಬರುವ ಏರಿಕೆ ಸಾಮಾನ್ಯವಾಗಿ 10 ದಾಟುವುದು ಅಪರೂಪ. ಥೈರಾಯ್ಡ್ ಕಡಿಮೆಯಾದರೂ ಸಿಇಎ ಸ್ವಲ್ಪ ಏರಬಹುದು. ಇದನ್ನು ಎತ್ತಿ ಹೇಳಲು ಕಾರಣವಿದೆ. ಪೆಂಬ್ರೊಲಿಝುಮ್ಯಾಬ್‌ನಂಥ ಇಮ್ಯುನೊಥೆರಪಿಯೂ ರೆಗೊರಾಫೆನಿಬ್ ಮಾತ್ರೆಯೂ ಥೈರಾಯ್ಡನ್ನು ಕುಗ್ಗಿಸಬಲ್ಲವು. ಆ ಮದ್ದಿನಲ್ಲಿರುವವರ ಸಿಇಎ ಮೆಲ್ಲಗೆ ಏರುತ್ತಿದ್ದರೆ ಥೈರಾಯ್ಡಿನ ರಕ್ತ ಪರೀಕ್ಷೆಯಾದ ಟಿಎಸ್‌ಎಚ್ ಒಂದು ನೋಡುವುದು ಒಳ್ಳೆಯದು.

ಲ್ಯಾಬ್ ಬದಲಾಯಿಸಿದಾಗ ಏನಾಗುತ್ತದೆ

ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ. ಮೊದಲ ಪರೀಕ್ಷೆ ಬೆಂಗಳೂರಿನ ಆಸ್ಪತ್ರೆಯಲ್ಲಿ, ಮುಂದಿನದು ಊರಿನ ಕಲೆಕ್ಷನ್ ಸೆಂಟರಿನಲ್ಲಿ, ಮೂರನೆಯದು ಆಫರ್ ಇದ್ದ ಇನ್ನೊಂದು ಲ್ಯಾಬಿನಲ್ಲಿ. ಮೂರೂ ವರದಿಯಲ್ಲಿ ಪರೀಕ್ಷೆಯ ಹೆಸರು ಒಂದೇ, ಅಳತೆಯ ಮಾನವೂ ಒಂದೇ. ಆದರೆ ಸಿಇಎ ಒಂದೇ ಅಚ್ಚಿನಲ್ಲಿ ಬರುವ ವಸ್ತುವಲ್ಲ. ಅದರ ಮೇಲಿನ ಸಕ್ಕರೆ ಸರಪಳಿಗಳು ಒಬ್ಬರಿಂದೊಬ್ಬರಿಗೆ ಬೇರೆ. ಅದನ್ನು ಹಿಡಿಯಲು ಒಂದೊಂದು ಕಂಪನಿಯ ಕಿಟ್ ಒಂದೊಂದು ಜೋಡಿ ಪ್ರತಿಕಾಯ (ಆಂಟಿಬಾಡಿ) ಬಳಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 73/601 ಎಂಬ ಮಾದರಿಗೆ ಕಿಟ್‌ಗಳನ್ನು ಹೊಂದಿಸುತ್ತಾರೆ, ಆದರೂ ಒಂದೇ ಟ್ಯೂಬಿನ ರಕ್ತ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ಆ ಅಂತರವೇ 30 ಶೇಕಡಾ ಆಗಿಬಿಟ್ಟರೆ? ರೋಗ ಬೆಳೆಯದೆಯೇ ವರದಿಯಲ್ಲಿ ಬೆಳೆದಂತೆ ಕಾಣುತ್ತದೆ.

ಪರೀಕ್ಷೆಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಸಿಎಲ್‌ಐಎ, ಇಸಿಎಲ್‌ಐಎ, ಸಿಎಂಐಎ ಎಂದೇನೋ ಅಚ್ಚಾಗಿರುತ್ತದೆ. ಅದೇ ವಿಧಾನ. ಅದು ಬದಲಾಗಿದ್ದರೆ ಹಳೆಯ ಸಂಖ್ಯೆಯ ಪಕ್ಕಕ್ಕೆ ಹೊಸದನ್ನು ಇಟ್ಟು ಶೇಕಡಾ ಲೆಕ್ಕ ಹಾಕಬೇಡಿ. ಲ್ಯಾಬ್ ಬದಲಿಸುವುದು ಅನಿವಾರ್ಯವಾದರೆ ಒಂದು ಸಲ ಅದೇ ದಿನ ಎರಡೂ ಕಡೆ ಸ್ಯಾಂಪಲ್ ಕೊಟ್ಟು, ಹೊಸ ಲ್ಯಾಬಿನ ಸಂಖ್ಯೆಯನ್ನು ಹೊಸ ಬೇಸ್‌ಲೈನ್ ಎಂದು ಬರೆದುಕೊಳ್ಳಿ. ಲ್ಯಾಬ್ ಅದೇ ಇದ್ದು ಯಂತ್ರ ಬದಲಾಗುವುದೂ ಇದೆ. ಆ ಸಂಗತಿಯನ್ನು ವರದಿಯಲ್ಲಿ ತಿಳಿಸುವುದು ಲ್ಯಾಬಿನವರ ಕರ್ತವ್ಯ. ಇಲ್ಲಿರುವ ಲ್ಯಾಬ್ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಅವರಿಗೇ ಇನ್ನೆರಡು ಮಾತು. ಈ ಪರೀಕ್ಷೆಯಲ್ಲಿ ಒಂದು ಪ್ರತಿಕಾಯ ಸಿಇಎಯನ್ನು ಒಂದು ಕಡೆಯಿಂದ ಹಿಡಿಯುತ್ತದೆ, ಬೆಳಕು ಕೊಡುವ ಇನ್ನೊಂದು ಪ್ರತಿಕಾಯ ಇನ್ನೊಂದು ಕಡೆಯಿಂದ. ಎರಡೂ ಹಿಡಿದರೆ ಮಾತ್ರ ಬೆಳಕು ಲೆಕ್ಕಕ್ಕೆ ಬರುತ್ತದೆ. ಸಿಇಎ ವಿಪರೀತ ಇದ್ದಾಗ ಎರಡೂ ಪ್ರತಿಕಾಯಗಳಿಗೆ ಬೇರೆ ಬೇರೆ ಕಣಗಳೇ ಸಿಕ್ಕಿ ಜೋಡಿ ಕೂಡುವುದೇ ಇಲ್ಲ. ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಇದು ಹುಕ್ ಎಫೆಕ್ಟ್. ನಡುವೆ ತೊಳೆಯುವ ಹಂತವಿರುವ ಯಂತ್ರಗಳಲ್ಲಿ ಇದು ಕಡಿಮೆ. ಲಿವರ್ ತುಂಬ ಗಡ್ಡೆ ಇದ್ದು ಸಿಇಎ 12 ಎಂದು ಬಂದರೆ ಸ್ಯಾಂಪಲನ್ನು 10 ಪಟ್ಟು, 100 ಪಟ್ಟು ತೆಳು ಮಾಡಿ ಮತ್ತೆ ನೋಡಿ. ತೆಳು ಮಾಡಿದ ಸ್ಯಾಂಪಲ್, ಗುಣಿಸಿದ ಮೇಲೆ, ಹೆಚ್ಚು ತೋರಿಸಿದರೆ ಮೊದಲಿನದು ಸುಳ್ಳು. ಇದಕ್ಕೆ ತಿರುಗುಮುರುಗಾದದ್ದೂ ಇದೆ: ಕೆಲವರ ರಕ್ತದಲ್ಲಿರುವ ಹೆಟೆರೋಫೈಲ್ ಪ್ರತಿಕಾಯಗಳು ಕಿಟ್‌ನ ಎರಡೂ ಪ್ರತಿಕಾಯಗಳನ್ನು ಸೇತುವೆಯಂತೆ ಜೋಡಿಸಿ, ಇಲ್ಲದ ಸಿಇಎಯನ್ನು ಇದೆ ಎಂದು ತೋರಿಸುತ್ತವೆ. ಕೀಮೋಗೂ ಆಪರೇಷನ್‌ಗೂ ಜಗ್ಗದೆ ಒಂದೇ ಮಟ್ಟದಲ್ಲಿ ನಿಂತ ಸಂಖ್ಯೆ ಕಂಡರೆ ಬೇರೆ ಕಂಪನಿಯ ಯಂತ್ರದಲ್ಲಿ ಪರೀಕ್ಷಿಸಬೇಕು.

ಮನೆಯವರಿಗೆ ಇದಕ್ಕಿಂತ ಹತ್ತಿರದ ವಿಷಯ ಬಯೋಟಿನ್. ಕೀಮೋದಲ್ಲಿ ಕೂದಲು ಉದುರುತ್ತದೆ, ಉಗುರು ಹಾಳಾಗುತ್ತದೆ. ಅದಕ್ಕೆಂದು ಅಂಗಡಿಯಿಂದ ಬಯೋಟಿನ್ ಮಾತ್ರೆ ತರುತ್ತಾರೆ. ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ, ಅಂದರೆ 10 ಮಿಲಿಗ್ರಾಂ ಇರುತ್ತದೆ. ಹಲವು ಯಂತ್ರಗಳು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಅಂಟನ್ನೇ ಬಳಸುವುದರಿಂದ ರಕ್ತದಲ್ಲಿರುವ ಹೆಚ್ಚಿನ ಬಯೋಟಿನ್ ಆ ಅಂಟನ್ನು ಬಿಡಿಸಿ ಸಿಇಎಯನ್ನು ಸುಳ್ಳಾಗಿ ಕಡಿಮೆ ತೋರಿಸಬಲ್ಲದು. ಬಯೋಟಿನ್‌ನಿಂದ ಲ್ಯಾಬ್ ಪರೀಕ್ಷೆಗಳು ಕೆಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಹೊಸ ಕಿಟ್‌ಗಳು ಇದನ್ನು ತಾಳಿಕೊಳ್ಳುತ್ತವೆ, ಆದರೆ ನಿಮ್ಮ ಲ್ಯಾಬಿನದು ಹೊಸತೋ ಹಳೆಯದೋ ನಿಮಗೆ ಗೊತ್ತಿರುವುದಿಲ್ಲ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಆ ಮಾತ್ರೆ ನಿಲ್ಲಿಸಿ. ನಿಲ್ಲಿಸದಿದ್ದರೆ ರಕ್ತ ತೆಗೆಯುವವರಿಗೆ ಹೇಳಿ.

ಸ್ಕ್ಯಾನ್ ಒಂದು ಹೇಳಿ, ರಕ್ತ ಇನ್ನೊಂದು ಹೇಳಿದರೆ

ಸಿಟಿ ವರದಿಯಲ್ಲಿ ‘ಸ್ಟೇಬಲ್ ಡಿಸೀಸ್’ ಎಂದಿದೆ, ಸಿಇಎ ಮಾತ್ರ 40 ಶೇಕಡಾ ಏರಿದೆ. ಯಾವುದನ್ನು ನಂಬುವುದು? ಎರಡೂ ನಿಜವಾಗಿರಬಹುದು. ರೇಡಿಯಾಲಜಿಯ ರೆಸಿಸ್ಟ್ ನಿಯಮದ ಪ್ರಕಾರ ಗಡ್ಡೆಗಳ ವ್ಯಾಸಗಳ ಮೊತ್ತ ಕನಿಷ್ಠ 20 ಶೇಕಡಾ, ಜೊತೆಗೆ ಕನಿಷ್ಠ 5 ಮಿಲಿಮೀಟರ್ ಹೆಚ್ಚಿದರೆ, ಇಲ್ಲವೇ ಹೊಸ ಗಡ್ಡೆ ಕಂಡರೆ ‘ಬೆಳೆದಿದೆ’ ಎನ್ನುತ್ತಾರೆ. 30 ಶೇಕಡಾ ಕಡಿಮೆಯಾದರೆ ‘ಕರಗಿದೆ’. ನಡುವಿನದೆಲ್ಲ ‘ಸ್ಟೇಬಲ್’. ಆದರೆ ಉಂಡೆಯಾಕಾರದ ಗಡ್ಡೆಯ ವ್ಯಾಸ 20 ಶೇಕಡಾ ಹೆಚ್ಚಿತೆಂದರೆ ಅದರ ಗಾತ್ರ 73 ಶೇಕಡಾ ಹೆಚ್ಚಿರುತ್ತದೆ. ವ್ಯಾಸ 30 ಶೇಕಡಾ ಇಳಿದರೆ ಗಾತ್ರ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಸಿಇಎ ಸುಮಾರಾಗಿ ಜೀವಂತ ಜೀವಕೋಶಗಳ ಒಟ್ಟು ಮೊತ್ತದ ಹಿಂದೆ ಹೋಗುತ್ತದೆ, ವ್ಯಾಸದ ಹಿಂದಲ್ಲ. ಹಾಗಾಗಿ ಸ್ಕ್ಯಾನ್ ‘ಸ್ಟೇಬಲ್’ ಎನ್ನುತ್ತಿರುವಾಗಲೇ ಸಿಇಎ ಏರಲು ಜಾಗವಿದೆ. ಇಂಥಲ್ಲಿ ಚಿಕಿತ್ಸೆ ತಕ್ಷಣ ಬದಲಿಸುವ ಬದಲು ಮುಂದಿನ ಸಿಟಿಯನ್ನು 12 ವಾರಕ್ಕೆ ಬದಲು 6ರಿಂದ 8 ವಾರಕ್ಕೆ ಎಳೆದುಕೊಳ್ಳುವುದು ಸರಿಯಾದ ನಡೆ.

ಲೋಳೆ ತುಂಬಿದ ಮ್ಯೂಸಿನಸ್ ಗಡ್ಡೆಗಳಲ್ಲಿ ಇದಕ್ಕೆ ತಿರುಗುಮುರುಗಾದದ್ದು ಕಾಣುತ್ತದೆ. ಜೀವಕೋಶಗಳು ಸತ್ತರೂ ಲೋಳೆಯ ಕೆರೆ ಹಾಗೆಯೇ ಉಳಿದು ಸ್ಕ್ಯಾನ್‌ನಲ್ಲಿ ಗಡ್ಡೆ ಕರಗಿದಂತೆ ಕಾಣುವುದಿಲ್ಲ. ಸಿಇಎ ಇಳಿದು ನಿಜ ಹೇಳುತ್ತದೆ.

ಸಿಇಎ ಎರಡು ಮೂರು ಸಲ ಖಚಿತವಾಗಿ ಏರಿದೆ, ಲಿವರ್ ಸರಿಯಿದೆ, ಲ್ಯಾಬ್ ಬದಲಾಗಿಲ್ಲ, ಆದರೆ ಎದೆ ಮತ್ತು ಹೊಟ್ಟೆಯ ಸಿಟಿಯಲ್ಲಿ ಹೊಸದೇನೂ ಇಲ್ಲ. ಆಗ ಸಿಟಿ ಸರಿಯಾಗಿ ನೋಡಲಾಗದ ಜಾಗಗಳ ಕಡೆ ತಿರುಗಬೇಕು. ಪೆರಿಟೋನಿಯಂ ಮೇಲಿನ ಸಣ್ಣ ಸಣ್ಣ ಗಂಟುಗಳು, ಹೆಂಗಸರಲ್ಲಿ ಅಂಡಾಶಯ, ಮೂಳೆ. ಎದೆ–ಹೊಟ್ಟೆಯ ಸಿಟಿಯಲ್ಲಿ ಮಿದುಳು ಬರುವುದೇ ಇಲ್ಲ. ತಲೆನೋವು, ನಡೆಯುವಾಗ ತೂರಾಟ ಇದ್ದರೆ ಅದನ್ನೂ ನೋಡಬೇಕು. ಲಿವರಿಗೆ ಎಂಆರ್‌ಐ, ಉಳಿದದ್ದಕ್ಕೆ ಪೆಟ್–ಸಿಟಿ ನೆರವಾಗುತ್ತವೆ. ಮ್ಯೂಸಿನಸ್ ಗಡ್ಡೆ ಪೆಟ್‌ನಲ್ಲೂ ತಪ್ಪಿಸಿಕೊಳ್ಳಬಲ್ಲದು. ಅಳೆಯಲು ಆಗದ ರೋಗವಿರುವವರಲ್ಲಿ ಸತತವಾಗಿ ಏರುವ ಸಿಇಎಯೇ ರೋಗ ಬೆಳೆಯುತ್ತಿರುವ ಸೂಚನೆ ಎಂದು ಆಸ್ಕೋ ಒಪ್ಪುತ್ತದೆ, ಸ್ಕ್ಯಾನ್‌ನ ಸಾಕ್ಷಿ ಇಲ್ಲದಿದ್ದರೂ.

ಲಿವರಿನ ಗಡ್ಡೆಗಳನ್ನು ಆಪರೇಷನ್ ಮಾಡಿ ತೆಗೆದವರ ವಿಷಯ ಬೇರೆ. 80 ಇದ್ದ ಸಿಇಎ 5ಕ್ಕೆ ಇಳಿಯಲು ನಾಲ್ಕು ಸಲ ಅರ್ಧವಾಗಬೇಕು. ಅರ್ಧವಾಗಲು 5 ದಿನ ಎಂದರೂ 20 ದಿನ ಬೇಕು. ಆಪರೇಷನ್ ಆದ ವಾರದಲ್ಲೇ ಪರೀಕ್ಷೆ ಮಾಡಿಸಿ ‘ಇನ್ನೂ 40 ಇದೆ’ ಎಂದು ಕುಸಿಯಬೇಡಿ. 4ರಿಂದ 6 ವಾರ ಬಿಟ್ಟು ನೋಡಿ. ಆಗಲೂ ಇಳಿಯದಿದ್ದರೆ ಎಲ್ಲೋ ಉಳಿದಿದೆ ಎಂದರ್ಥ. ಕೀಮೋದಿಂದ ಸಿಇಎ 3ಕ್ಕೆ ಬಂದವರಿಗೂ ಒಂದು ಮಾತು: ರೋಗ ಹೋಯಿತು ಎಂದು ಅದು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಗಡ್ಡೆಗಳು ಸ್ಕ್ಯಾನ್‌ನಲ್ಲಿ ಇರುವಾಗಲೂ ಸಿಇಎ ಮಿತಿಯೊಳಗೆ ಇರಬಹುದು. ಡೋಸ್ ತಪ್ಪಿಸಲು ಇದು ಕಾರಣವಾಗಬಾರದು.

ಕೇಳುಗರು ಕೇಳಿದ ಕೆಲವು ಪ್ರಶ್ನೆಗಳು

ಸಿಎ 19–9 ಎಂಬ ಇನ್ನೊಂದು ಟ್ಯೂಮರ್ ಮಾರ್ಕರ್ ಪರೀಕ್ಷೆಯನ್ನೂ ಮಾಡಿಸಬೇಕೇ? ಎಲ್ಲರಿಗೂ ಬೇಡ, ಮಾರ್ಗಸೂಚಿಗಳು ಅದನ್ನು ಶಿಫಾರಸು ಮಾಡುವುದಿಲ್ಲ. ಕಾಮಾಲೆಯಲ್ಲಿ ಅದು ಸಿಇಎಗಿಂತ ಹೆಚ್ಚು ಹಾರಾಡುತ್ತದೆ. ಲೂಯಿಸ್ ಎಂಬ ರಕ್ತಗುಂಪಿನ ಅಂಶ ಇಲ್ಲದವರ ದೇಹ ಅದನ್ನು ತಯಾರಿಸುವುದೇ ಇಲ್ಲ. ಸಿಇಎ ಏರದೆ ಸಿಎ 19–9 ಮಾತ್ರ ಶುರುವಿನಲ್ಲೇ ಏರಿದ್ದರೆ ಅಂಥವರಲ್ಲಿ ಡಾಕ್ಟರು ಅದನ್ನು ಹಿಂಬಾಲಿಸಬಹುದು.

ರಕ್ತದಲ್ಲಿ ಕ್ಯಾನ್ಸರಿನ ಡಿಎನ್‌ಎ ನೋಡುವ ಪರೀಕ್ಷೆ ಇದಕ್ಕಿಂತ ಒಳ್ಳೆಯದೇ? ಆ ಡಿಎನ್‌ಎ ರಕ್ತದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ ಬದಲಾವಣೆ ಬೇಗ ಕಾಣುತ್ತದೆ, ಮದ್ದಿಗೆ ಬಗ್ಗದ ಹೊಸ ಮ್ಯುಟೇಶನ್‌ಗಳೂ ಸಿಗುತ್ತವೆ. ಆದರೆ ಬೆಲೆ ಹಲವು ಪಟ್ಟು. ಮುಂದಿನ ಮದ್ದು ಯಾವುದೆಂದು ಆರಿಸುವಾಗ ಅದಕ್ಕೆ ಹಣ ಹಾಕಿದರೆ ಅರ್ಥವಿದೆ. ತಿಂಗಳು ತಿಂಗಳು ಹಿಂಬಾಲಿಸಲು ಸಿಇಎ ಸಾಕು.

ಮನೆಯ ಉಳಿದವರೂ ಸಿಇಎ ಮಾಡಿಸಿ ನೋಡಬೇಕೇ, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲೇ ಇದೆಯಲ್ಲ? ಬೇಡ. ಶುರುವಿನ ಹಂತದ ಕ್ಯಾನ್ಸರಿನಲ್ಲಿ ಸಿಇಎ ಏರದೇ ಇರುವುದೇ ಹೆಚ್ಚು. ಕ್ಯಾನ್ಸರ್ ಇಲ್ಲದವರಲ್ಲಿ ಬೇರೆ ಕಾರಣಕ್ಕೆ ಏರಿರುವುದೂ ಸಾಮಾನ್ಯ. ಅಣ್ಣ, ತಂಗಿ, ಮಕ್ಕಳಿಗೆ ಬೇಕಾದದ್ದು ಕೊಲೊನೊಸ್ಕೊಪಿ, ಅಂದರೆ ಕ್ಯಾಮೆರಾ ನಳಿಕೆಯಿಂದ ಕರುಳಿನ ಒಳಗನ್ನು ನೋಡುವುದು. ಅದನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ರೋಗಿಯ ವಯಸ್ಸು ಮತ್ತು ಗಡ್ಡೆಯ ಎಂಎಸ್‌ಐ ಪರೀಕ್ಷೆಯ (ಕ್ಯಾನ್ಸರ್ ವಂಶಪಾರಂಪರ್ಯವೇ ಎಂಬುದಕ್ಕೆ ಸುಳಿವು ಕೊಡುವಂಥದ್ದು) ಫಲಿತಾಂಶ ನೋಡಿ ಡಾಕ್ಟರು ಹೇಳುತ್ತಾರೆ.

ಕೊನೆಯ ಪ್ರಶ್ನೆ: ಇನ್ನು ಕೀಮೋ ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದ ಮೇಲೂ ಅಪ್ಪನ ಸಿಇಎ ನೋಡುತ್ತಿರಬೇಕೇ? ಬೇಕಾಗಿಲ್ಲ. ಫಲಿತಾಂಶ ಏನೇ ಬಂದರೂ ಮಾಡುವುದರಲ್ಲಿ ಬದಲಾವಣೆ ಆಗದಿದ್ದರೆ ಆ ಪರೀಕ್ಷೆ ಬೇಡ. ಆಗ ಅಳೆಯಬೇಕಾದದ್ದು ಬೇರೆ: ನೋವು ಹತ್ತರಲ್ಲಿ ಎಷ್ಟು, ರಾತ್ರಿ ನಿದ್ದೆ ಬರುತ್ತದೆಯೇ, ಮಲಬದ್ಧತೆ ಇದೆಯೇ, ಹೊಟ್ಟೆಯಲ್ಲಿ ನೀರು ತುಂಬಿ ಉಸಿರಿಗೆ ಕಷ್ಟವಾಗುತ್ತಿದೆಯೇ. ಮಾರ್ಫಿನ್ ಮಾತ್ರೆ ಹೊತ್ತುಹೊತ್ತಿಗೆ ಕೊಡಿ, ನೋವು ಬಂದ ಮೇಲೆ ಕೊಡೋಣ ಎಂದು ಕಾಯಬೇಡಿ. ಅದರ ಜೊತೆಗೆ ಮಲ ಸಲೀಸಾಗಿ ಹೋಗುವ ಔಷಧ ದಿನವೂ ಇರಲಿ. ಹೊಟ್ಟೆಯ ನೀರು ತೆಗೆಸಬೇಕಾದರೆ, ನೋವು ಹತೋಟಿಗೆ ಬರದಿದ್ದರೆ ಕರೆ ಮಾಡಲು, ಹತ್ತಿರದ ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ತಂಡದ ಫೋನ್ ನಂಬರನ್ನು ಡಿಸ್ಚಾರ್ಜ್ ಆಗುವ ದಿನವೇ ಬರೆಸಿಕೊಳ್ಳಿ.